ಲೈಟ್ ಹೋಗ್ಯಾದೇನ್ರಿ?

ಬೀದರಿನ ಕಾಳುಕಡಿ ಪೇಟೆ ಗಾಂಧಿ ಗಂಜಿಗೆ ಹೋಗಿ ವೈರ್‌ಮನ್ ಕಾಶೀರಾಮ ಎಲ್ಲಿ ಸಿಗುತ್ತಾರೆ ಎಂದು ಕೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ‘ನೀವೇ ನೋಡ್ರಿ ಕಾಶೀರಾಮ’ ಎಂಬುದು ಗಂಜು ಅವರಿಗೆ ಇಟ್ಟಿರುವ ಹೆಸರು. ಹದಿನೆಂಟು ವರ್ಷದಿಂದ ಅಲ್ಲಿನ ಅಡತಿ ಅಂಗಡಿ, ದಾಲ್ ಮಿಲ್ಲು, ಗೋದಾಮುಗಳ ವೈರಿಂಗ್ ನೋಡಿಕೊಂಡು ಬಂದ ಮನುಷ್ಯ. ಕೆಲಸಕ್ಕೆ ಹೆಸರಿಡುವಂತಿಲ್ಲ. ಆದರೆ ಹೌದು ಅಥವಾ ಇಲ್ಲ ಎನ್ನಬೇಕಾದ ಯಾವ ಪ್ರಶ್ನೆ ಕೇಳಿದರೂ ಅವರ ಬಾಯಿಂದ ಬರುವುದು ಒಂದೇ ಮಾತು. ಫ್ಯಾನು ಸರಿ ಹೋಯಿತೇ? ನೀವೇ ನೋಡ್ರಿ. ಸಾವಕಾರರು ಒಳಗಿದ್ದಾರೆಯೇ? ನೀವೇ ನೋಡ್ರಿ. ಊಟವಾಯಿತೇ ಎಂದು ಕೇಳಿದವರಿಗೆ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ್ದನ್ನು ನಾನೇ ಕಂಡಿದ್ದೇನೆ.

ನಾನೂ ನಕ್ಕವಳೇ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಈಗ ಆ ನಗು ನೆನಪಾದರೆ ನಾಚಿಕೆಯಾಗುತ್ತದೆ. ಇದನ್ನು ಹೆಸರು ಹಾಕಿಯೇ ಬರೆ ಎಂದು ಕಾಶೀರಾಮ ಕಾಕಾ ಹೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನದೂ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈಕೆ ಯಾರು ಇದನ್ನೆಲ್ಲ ಹೇಳಲಿಕ್ಕೆ ಎಂದು ಕೇಳುತ್ತೀರಿ. ಹೆಸರು ಪ್ರಣಾಲಿ, ತವರು ಔರಾದ. ಅಂಗಡಿ, ಗೋದಾಮುಗಳಿಗೆ ಕ್ಯಾಮೆರಾ ಕೂಡಿಸುವುದು, ನೆಟ್‌ವರ್ಕ್ ಕೇಬಲ್ ಎಳೆಯುವುದು ನನ್ನ ಕೆಲಸ. ನಾನು ನಿಚ್ಚಣಿಕೆ ಹತ್ತಿದರೆ ಕೆಳಗೆ ನಿಂತು ‘ಬಿದ್ದೀರಿ ಬಾಯಿಯವರೇ’ ಎನ್ನುವ ಗಂಡಸರು ಗಂಜಿನಲ್ಲಿ ಬೇಕಾದಷ್ಟಿದ್ದಾರೆ. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಬಿದ್ದಿಲ್ಲ, ಅವರಲ್ಲಿ ಒಬ್ಬನೂ ನಿಚ್ಚಣಿಕೆ ಹಿಡಿದಿಲ್ಲ. ಕಾಶೀರಾಮ ಕಾಕಾ ಮಾತ್ರ ಏನೂ ಹೇಳದೆ ಬಂದು ಹಿಡಿಯುತ್ತಿದ್ದರು. ಅವರು ನನಗೆ ಸಂಬಂಧಿಕರಲ್ಲ. ಹುಣ್ಣಿಮೆಯ ವಂದನೆಗೆ ಬುದ್ಧ ವಿಹಾರಕ್ಕೆ ಬರುತ್ತಿದ್ದರು, ಆ ಪರಿಚಯ. ಬೇರೆ ಎಲ್ಲರಿಗೂ ‘ರಿ’ ಹಚ್ಚಿ ಮಾತಾಡುವ ಕಾಕಾ ನನಗೆ ಮಾತ್ರ ಮಗಳಿಗೆ ಅಂದಂತೆ ‘ಏನವ್ವಾ, ಬಾರವ್ವಾ’ ಅನ್ನುತ್ತಿದ್ದರು.

ಕಾಕಾ ಹುಟ್ಟಿದ್ದು ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ. ಊರಿಗೆ ಕರೆಂಟಿನ ಕಂಬ ನಿಲ್ಲಿಸಲು ಬಂದವರ ಹಿಂದೆ ತಂತಿ ಸುರುಳಿ ಹೊತ್ತು ತಿರುಗಿ ಕೆಲಸ ಕಲಿತರು. ಆಮೇಲೆ ಭಾಲ್ಕಿಯಲ್ಲಿ ಬಸವಣ್ಣೆಪ್ಪ ಎಂಬವನ ಜೊತೆ ಹದಿನೈದು ವರ್ಷ ಜೋಡಿ ಕೆಲಸ. ಜೋಡಿ ಎಂದರೆ ಒಬ್ಬ ಕರೆಂಟು ಬಂದ್ ಮಾಡುವ ಮೇನ್ ಹ್ಯಾಂಡಲ್ ಬಳಿ ನಿಲ್ಲುತ್ತಾನೆ, ಇನ್ನೊಬ್ಬ ಯಂತ್ರದ ಬಳಿ. ಯಂತ್ರದ ಬಳಿ ಇದ್ದವನು ‘ಲೈಟ್ ಹೋಗ್ಯಾದೇನು?’ ಎಂದು ಕೂಗಿ ಕೇಳುತ್ತಾನೆ. ಹ್ಯಾಂಡಲ್ ಇಳಿಸಿದವನು ‘ಹೋಗ್ಯಾದ’ ಎಂದು ಕೂಗಿ ಹೇಳುತ್ತಾನೆ. ಆಮೇಲೇ ಕೈ ಹಚ್ಚುವುದು. ಬಸವಣ್ಣೆಪ್ಪ ವಯಸ್ಸಿನಲ್ಲಿ ಚಿಕ್ಕವನು, ಹಾಗಾಗಿ ಅವನು ‘ಹೋಗ್ಯಾದೇನ್ರಿ’ ಎನ್ನುತ್ತಿದ್ದ. ಟೆಸ್ಟರ್ ಇಬ್ಬರ ಜೇಬಿನಲ್ಲೂ ಇರುತ್ತಿತ್ತು. ಆದರೆ ಜೋಡಿಯವನು ಹೇಳಿದ ಮೇಲೂ ಟೆಸ್ಟರ್ ಹಚ್ಚಿ ನೋಡುವುದು ಅವನನ್ನು ಸುಳ್ಳುಗಾರ ಎಂದಂತೆ ಎಂದು ಆ ಕಾಲದವರು ತಿಳಿದಿದ್ದರಂತೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಜೀವಕ್ಕಿಂತ ಸಂಕೋಚ ದೊಡ್ಡದಾಗಿತ್ತು ಇವರಿಗೆ.

ಬಸವಣ್ಣೆಪ್ಪ ಹತ್ತೊಂಬತ್ತು ವರ್ಷದ ಹಿಂದೆ ಭಾಲ್ಕಿಯ ಒಂದು ಎಣ್ಣೆ ಮಿಲ್ಲಿನಲ್ಲಿ ಶಾಕ್ ಹೊಡೆದು ಸತ್ತ. ಆ ಕಥೆ ಭಾಲ್ಕಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾಶೀರಾಮ ಹ್ಯಾಂಡಲ್ ಇಳಿಸಿದ್ದನಂತೆ. ಅಪ್ಪನಿಗೆ ಬುತ್ತಿ ತಂದಿದ್ದ ಬಸವಣ್ಣೆಪ್ಪನ ಏಳು ವರ್ಷದ ಮಗಳು ಸುವರ್ಣಾ ಆಟಕ್ಕೆ ಅದನ್ನು ಮತ್ತೆ ಎತ್ತಿಬಿಟ್ಟಳಂತೆ. ಆ ಹ್ಯಾಂಡಲಿಗೆ ಆ ಕೂಸಿನ ಕೈ ನಿಲುಕುತ್ತಿತ್ತೇ ಎಂದು ಯಾರೂ ನೋಡಲಿಲ್ಲ. ಅಪ್ಪನನ್ನು ನುಂಗಿದಾಕಿ ಎಂಬ ಹೆಸರು ಅವಳಿಗೆ ಗಟ್ಟಿಯಾಯಿತು. ಕೂಡಿಬಂದ ಎರಡು ಸಂಬಂಧಗಳು ಅದೇ ಮಾತಿಗೆ ಮುರಿದವು. ನನ್ನ ಅತ್ತೆಯ ಮನೆ ಭಾಲ್ಕಿಯಲ್ಲಿ ಅವರ ಓಣಿಯಲ್ಲೇ ಇದೆ, ನನ್ನ ಕುಬ್ಬಸಗಳನ್ನೆಲ್ಲ ಹೊಲಿಯುವವಳು ಸುವರ್ಣಾನೇ. ಒಮ್ಮೆ ಅಳತೆ ತೆಗೆಯುತ್ತ ಅವಳೇ ಹೇಳಿದ್ದಳು, ಆ ಹ್ಯಾಂಡಲ್ ಕೈಗೆ ತಣ್ಣಗೆ ಹತ್ತಿದ್ದು ಇನ್ನೂ ನೆನಪದ ಎಂದು. ನಾನೂ ನಂಬಿದ್ದೆ.

ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ಹೋದ ಪುಷ್ಯ ಮಾಸದಲ್ಲಿ, ತೊಗರಿ ಬರುವ ಹೊತ್ತಿಗೆ, ಗಂಜಿನ ಅಮರನಾಥ ಸಾವಕಾರರು ತಮ್ಮ ದಾಲ್ ಮಿಲ್ಲಿನ ಗೋದಾಮಿಗೆ ಹೊಸ ದೀಪ ಹಾಕಿಸಿದರು. ಉದ್ದನೆಯ ಗೋದಾಮು, ಕಿಟಕಿಯೇ ಇಲ್ಲ, ನಡು ಹಗಲಲ್ಲೂ ಒಳಗೆ ಕೈ ಕಾಣುವುದಿಲ್ಲ. ಹೊಟ್ಟಿನ ಧೂಳಿನಲ್ಲಿ ಹಳೆಯ ವೈರು ಕಿಡಿ ಹಾರಿಸಿದರೆ ಎಲ್ಲ ಸುಟ್ಟು ಹೋಗುತ್ತದೆ ಎಂಬ ಭಯಕ್ಕೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಕೊಡುವ ಪದ್ಧತಿ ಮಾಡೋಣ ಎಂದು ನಾನೇ ಒಪ್ಪಿಸಿದೆ. ಬೆರಳಿಗಿಂತ ಸಣ್ಣ ನೀಲಿ ಕೇಬಲ್ಲು. ಅದರಲ್ಲೇ ಮಾಹಿತಿ ಹೋಗುತ್ತದೆ, ಅದರಲ್ಲೇ ದೀಪಕ್ಕೆ, ಕ್ಯಾಮೆರಾಕ್ಕೆ ಬೇಕಾಗುವಷ್ಟು ಕರೆಂಟೂ ಹೋಗುತ್ತದೆ. ಬಾಗಿಲ ಬಳಿಯ ಕೋಣೆಯಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ಬ್ಯಾಟರಿ. ಪೆಟ್ಟಿಗೆಯಿಂದ ಹನ್ನೆರಡು ದೀಪ, ನಾಲ್ಕು ಕ್ಯಾಮೆರಾ, ಗೋದಾಮಿನ ಎರಡು ತುದಿಗೆ ಮಾತಾಡುವ ಒಂದೊಂದು ಸ್ಪೀಕರ್. ಪೆಟ್ಟಿಗೆ ಬಂದಾದರೆ ಎಲ್ಲವೂ ಬಂದ್. ಊರಿನ ಕರೆಂಟು ಹೋದರೆ ಮಾತ್ರ ಏನೂ ಆಗುವುದಿಲ್ಲ, ಬ್ಯಾಟರಿಯ ಮೇಲೆ ದೀಪ ಉರಿಯುತ್ತಲೇ ಇರುತ್ತದೆ.

ಅಲ್ಲೇ ಗಂಟು ಬಿದ್ದದ್ದು. ನಮ್ಮ ಕಡೆ ಕರೆಂಟಿಗೂ ಲೈಟ್ ಅನ್ನುತ್ತೇವೆ, ದೀಪಕ್ಕೂ ಲೈಟ್ ಅನ್ನುತ್ತೇವೆ. ‘ಲೈಟ್ ಹೋಗ್ಯಾದ’ ಎಂದರೆ ಕರೆಂಟು ಹೋಗಿದೆ, ದೀಪ ಆರಿದೆ, ಎರಡೂ. ಇಷ್ಟು ವರ್ಷ ಎರಡೂ ಒಟ್ಟಿಗೇ ಹೋಗುತ್ತಿದ್ದವು, ಒಟ್ಟಿಗೇ ಬರುತ್ತಿದ್ದವು. ಹಾಗಾಗಿ ಒಂದೇ ಮಾತು ಸಾಕಾಗಿತ್ತು.

ದೀಪ ಹಚ್ಚಿದ ಮೊದಲ ದಿನ ಕಾಕಾ ಬಂದು ಬಹಳ ಹೊತ್ತು ನೋಡಿದರು. ಜೇಬಿನಿಂದ ಟೆಸ್ಟರ್ ತೆಗೆದು ಕೇಬಲ್ಲಿನ ತುದಿಗೆ ಹಚ್ಚಿದರು. ಟೆಸ್ಟರ್ ಹತ್ತಲಿಲ್ಲ. ಇಷ್ಟು ಸಣ್ಣ ವೋಲ್ಟೇಜಿಗೆ ಅದು ಹತ್ತುವುದಿಲ್ಲ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಅವರ ಕಣ್ಣು ಮಾತ್ರ ಮೇಲೆ ಉರಿಯುತ್ತಿದ್ದ ದೀಪದ ಮೇಲಿತ್ತು. ಟೆಸ್ಟರ್ ಇದು ಸತ್ತದ ಅಂತದ, ದೀಪ ಬದುಕ್ಯಾದ ಅಂತದ, ಯಾರ ಮಾತು ಕೇಳಬೇಕವ್ವಾ ಎಂದರು. ಆಮೇಲೆ ನಾನು ಪೆಟ್ಟಿಗೆಯ ಕೆಲಸ ವಿವರಿಸಿದೆ. ಅದು ಕಂಡಕಂಡ ಕಡೆ ಕರೆಂಟು ಕೊಡುವುದಿಲ್ಲ. ಕೇಬಲ್ಲಿನ ಆ ತುದಿಯಲ್ಲಿ ಯಾರಾದರೂ ಇದ್ದೀರಾ ಎಂದು ಮೊದಲು ಸಣ್ಣಗೆ ಕೇಳುತ್ತದೆ, ಸರಿಯಾದ ಉತ್ತರ ಬಂದ ಮೇಲೇ ಕೊಡುತ್ತದೆ. ಇದನ್ನು ಕೇಳಿ ಕಾಕಾ ಟೆಸ್ಟರನ್ನು ಜೇಬಿಗೆ ಇಟ್ಟರು.

"ಉತ್ತರ ಸುಳ್ಳಿದ್ರ?" ಎಂದರು.

ಯಂತ್ರ ಸುಳ್ಳು ಹೇಳೋದಿಲ್ಲ ಕಾಕಾ ಎಂದು ನಾನು ನಕ್ಕೆ. ಅವರು ಹೊರಟುಹೋದರು.

ದೀಪಗಳಿಗೆ ಒಂದೊಂದು ಸೆನ್ಸರ್ ಕಣ್ಣು ಕೂಡಿಸಿದ್ದೆ. ಕೆಳಗೆ ಮನುಷ್ಯ ಬಂದರೆ ಮೈ ಬಿಸಿಗೆ ದೀಪ ತಾನೇ ಹತ್ತುತ್ತದೆ, ದಾಟಿ ಹೋದರೆ ಆರುತ್ತದೆ. ಹಮಾಲರು ಚೀಲ ಹೊತ್ತು ನಡೆದರೆ ಮುಂದೆ ಮುಂದೆ ಬೆಳಕು, ಹಿಂದೆ ಹಿಂದೆ ಕತ್ತಲು. ಅವರಿಗೆ ಅದು ಸೇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಗಂಜಿಗೆಲ್ಲ ಕರೆಂಟು ಹೋಯಿತು. ಮಿಲ್ಲು ನಿಂತಿತು, ಅಂಗಡಿಗಳ ಫ್ಯಾನು ನಿಂತವು, ಒಂದು ಕ್ಷಣ ಗಂಜು ಪೂರ್ತಿ ಮೌನವಾಯಿತು. ಗೋದಾಮಿನೊಳಗೆ ದೀಪ ಮಾತ್ರ ಬಿಳಿಚಿಕೊಂಡು ಉರಿಯುತ್ತಿತ್ತು. ಚೀಲ ಹೊತ್ತವರು ನಡುದಾರಿಯಲ್ಲಿ ಅದನ್ನು ಇಳಿಸಿ ಹೊರಗೆ ಬಂದರು. ಲೈಟ್ ಇಲ್ಲದೆ ಉರಿಯುವ ಲೈಟಿನ ಕೆಳಗೆ ನಾವು ಹೋಗೋದಿಲ್ಲ ಎಂದು ಹಟ ಹಿಡಿದರು. ನಾನು ಬೈದೆ, ಸಾವಕಾರರು ಬೈದರು. ಕರೆಂಟು ಬರುವತನಕ ಒಬ್ಬನೂ ಕಾಲಿಡಲಿಲ್ಲ.

ಆಮೇಲೆ ಹನ್ನೆರಡನೇ ದೀಪದ ಕಾಟ ಶುರುವಾಯಿತು.

ಅದು ಕೊನೆಯ ದೀಪ, ಗೋದಾಮಿನ ಆ ತುದಿಯ ಹಳೆಯ ಪ್ಯಾನೆಲ್ ಬೋರ್ಡಿನ ಮೇಲಿದ್ದದ್ದು. ಮಿಲ್ಲಿನ ಮೋಟರುಗಳಿಗೆ ಕರೆಂಟು ಹೋಗುವುದು ಆ ಬೋರ್ಡಿನಿಂದ. ದಿನಾ ಬೆಳಿಗ್ಗೆ ಹನ್ನೊಂದು ಗಂಟೆ ದಾಟಿದ ಮೇಲೆ, ಕೆಳಗೆ ಯಾರೂ ಇಲ್ಲದಿದ್ದರೂ, ಆ ದೀಪ ತಾನಾಗಿ ಹತ್ತುತ್ತಿತ್ತು. ನನ್ನ ಮೊಬೈಲಿಗೆ ‘ಹನ್ನೆರಡರಲ್ಲಿ ಮನುಷ್ಯರಿದ್ದಾರೆ’ ಎಂದು ಸೂಚನೆ ಬರುತ್ತಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಬೋರ್ಡು, ಗೋಡೆ, ನೆಲ. ಇಲಿಯಿರಬಹುದು ಎಂದು ಬೋನು ಇಟ್ಟೆ. ದೀಪ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ. ಹೊಸ ದೀಪವೂ ಹನ್ನೊಂದು ದಾಟಿದ ಮೇಲೆ ಹತ್ತಿತು. ಕ್ಯಾಮೆರಾದ ಚಿತ್ರವನ್ನು ನೋಡುತ್ತ ಕುಳಿತರೆ ಖಾಲಿ ಜಾಗವೇ ಬೆಳಗಿಕೊಂಡು ಯಾರನ್ನೋ ಕಾಯುತ್ತಿದೆ ಅನ್ನಿಸುತ್ತಿತ್ತು. ನಾನು ಹೆದರುವವಳಲ್ಲ. ಆದರೂ ಆ ವಾರ ಆ ತುದಿಗೆ ಒಬ್ಬಳೇ ಹೋಗುವುದನ್ನು ಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಕಾಳು ಆರಿಸಲು ಬರುವ ಮುಸರ್ರತ ಆಪಾ ಒಂದು ದಿನ ಚಹಾ ಕುಡಿಯುವಾಗ ನನ್ನನ್ನು ಕೇಳಿದಳು. ಬೋರ್ಡಿನ ಮುಂದೆ ದಿನಾ ಬೆನ್ನು ಹಾಕಿಕೊಂಡು ನಿಲ್ಲುವ ಆ ವೈರ್‌ಮನ್ ಯಾರು, ಸಲಾಂ ಮಾಡಿದರೂ ತಿರುಗಿ ನೋಡೋದಿಲ್ಲ ಎಂದಳು. ಕಾಕಾ ಇರಬೇಕು ಬಿಡು ಎಂದೆ. ಕಾಶೀರಾಮ ಭಾಯಿಯನ್ನು ನಾನು ಗುರುತಿಸೋದಿಲ್ಲವೇ, ಇವನು ಬೇರೆ, ಎತ್ತರದವನು ಎಂದಳು. ಕಾಕಾ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ಕೈಯಲ್ಲಿದ್ದ ಬಸಿಯೊಳಗಿನ ಚಹಾ ಪೈಜಾಮದ ಮೇಲೆ ಸುರಿದರೂ ಅವರಿಗೆ ಗೊತ್ತಾಗಲಿಲ್ಲ.

ಮರುದಿನ ಬೋರ್ಡಿನಿಂದ ಸುಟ್ಟ ವಾಸನೆ ಬಂತು. ರಿಪೇರಿ ಮಾಡಲೇಬೇಕು ಎಂದು ಸಾವಕಾರರು ಪಟ್ಟು ಹಿಡಿದರು. ಕಾಕಾ ಎರಡು ದಿನ ತಪ್ಪಿಸಿಕೊಂಡರು. ಅವರ ಹೆಂಡತಿ ಕೌಸಲ್ಯಾಬಾಯಿ ಫೋನು ಮಾಡಿ, ಮನೆಯಲ್ಲಿ ರೊಟ್ಟಿ ಮುರಿದು ಬಾಯಿಗೆ ಇಡುತ್ತಿಲ್ಲ, ಏನು ಕೇಳಿದರೂ ಗೋಡೆ ನೋಡುತ್ತಾರೆ ಎಂದು ನನ್ನ ಮುಂದೆ ಅತ್ತರು. ಮೂರನೇ ದಿನ ಕಾಕಾ ಬಂದರು. ಮುಖ ಒಣಗಿತ್ತು. ರಿಪೇರಿಗೆಂದು ಮಿಲ್ಲಿನ ಮೋಟರು ಆಗಲೇ ನಿಲ್ಲಿಸಿದ್ದರು. ಮಿಲ್ಲಿನ ಆಪರೇಟರ್ ಸಂಜುಕುಮಾರನಿಗೆ ‘ಲೈಟ್ ಬಂದ್ ಮಾಡ್ರಿ’ ಎಂದು ಹೇಳಿ ಗೋದಾಮಿನ ಆ ತುದಿಗೆ ನಡೆದರು. ಒಂದೊಂದೇ ದೀಪ ಹತ್ತಿ ಆರುತ್ತ ಅವರನ್ನು ಬೋರ್ಡಿನ ತನಕ ಮುಟ್ಟಿಸಿತು. ನಾನು ಹೊರಗೆ ನಿಚ್ಚಣಿಕೆಯ ಮೇಲೆ ಕ್ಯಾಮೆರಾ ಬಿಗಿಯುತ್ತಿದ್ದೆ.

ಸಂಜುಕುಮಾರ ಏನು ಮಾಡಿದ ಗೊತ್ತೇ? ಲೈಟ್ ಎಂದರೆ ಹೊಸ ದೀಪಗಳು ಎಂದುಕೊಂಡ. ವಾರವಿಡೀ ಎಲ್ಲರ ಬಾಯಲ್ಲಿ ಅದೇ ಮಾತಿತ್ತಲ್ಲ. ಮೇನ್ ಹ್ಯಾಂಡಲ್ ಇಳಿಸುವ ಬದಲು ಬಾಗಿಲ ಬಳಿಯ ಕೋಣೆಗೆ ಹೋಗಿ ನನ್ನ ಪೆಟ್ಟಿಗೆಯ ಪ್ಲಗ್ಗನ್ನು ಬ್ಯಾಟರಿಯಿಂದ ಕಿತ್ತು ಹಾಕಿ ಬೀಡಿ ಸೇದಲು ಹೊರಟುಹೋದ. ಗೋದಾಮು ಕಗ್ಗತ್ತಲಾಯಿತು. ಬೋರ್ಡಿನಲ್ಲಿ ಮಾತ್ರ ಮೂರೂ ಫೇಸಿನ ಕರೆಂಟು ಜೀವಂತ.

ಹೊರಗಿನ ಕ್ಯಾಮೆರಾ ಸತ್ತದ್ದು ಕಂಡು ನಾನು ಸಿಟ್ಟಿನಿಂದ ಇಳಿದು ಒಳಗೆ ಬಂದೆ. ಯಾವ ಪುಣ್ಯಾತ್ಮ ನನ್ನ ಪೆಟ್ಟಿಗೆಗೆ ಕೈ ಹಚ್ಚಿದ ಎಂದು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬಾಗಿಲ ಬಳಿಯ ಸ್ಪೀಕರಿನಿಂದ ದನಿ ಬಂತು.

"ಲೈಟ್ ಹೋಗ್ಯಾದೇನ್ರಿ?"

ನಿಧಾನದ ದನಿ, ಅವಸರವಿಲ್ಲ. ಕಾಕಾ ಕೇಳುತ್ತಿದ್ದಾರೆ ಎಂದುಕೊಂಡೆ. ಕಣ್ಣ ಮುಂದೆ ಕತ್ತಲೆಯೇ ಇತ್ತು, ನನ್ನ ತಲೆಯಲ್ಲಿ ನನ್ನ ದೀಪಗಳೇ ಇದ್ದವು.

"ಹೂಂ, ಹೋಗ್ಯಾದ," ಎಂದು ಕೂಗಿದೆ.

ಆ ತುದಿಯ ಕತ್ತಲಲ್ಲಿ ಸಣ್ಣದೊಂದು ಕೆಂಪು ಚುಕ್ಕೆ ಹತ್ತಿತು, ಆರಿತು. ಕಾಕಾನ ಟೆಸ್ಟರು. ಆಮೇಲೆ ಚೀಲಗಳಿಗೆ ಡಿಕ್ಕಿ ಹೊಡೆಯುತ್ತ ಯಾರೋ ಓಡಿ ಬರುವ ಸದ್ದು. ಕಾಕಾ ಬಾಗಿಲ ಬೆಳಕಿಗೆ ಬಂದು ನನ್ನ ಎರಡೂ ಭುಜ ಹಿಡಿದರು.

"ಯಾರಿಗೆ ಹೇಳಿದಿ?"

"ನಿಮಗೇ. ನೀವ್ ಕೇಳಿದ್ರಲ್ಲ ಕಾಕಾ."

"ನಾ ಕೇಳಿಲ್ಲ."

ಆಗ ನನ್ನ ತಲೆಗೆ ಹೊಳೆಯಿತು. ಕಾಕಾ ನನಗೆ ‘ರಿ’ ಅನ್ನುವುದಿಲ್ಲ. ತಿರುಗಿ ನೋಡಿದರೆ ಪೆಟ್ಟಿಗೆಯ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು, ಪೆಟ್ಟಿಗೆಯ ಒಂದು ಚುಕ್ಕೆ ದೀಪವೂ ಉರಿಯುತ್ತಿರಲಿಲ್ಲ. ಸ್ಪೀಕರಿಗೆ ಕರೆಂಟು ಬರುವುದು ಆ ಪೆಟ್ಟಿಗೆಯಿಂದ, ಅದೇ ಕೇಬಲ್ಲಿನಿಂದ. ಬೇರೆ ದಾರಿಯೇ ಇಲ್ಲ. ಪೆಟ್ಟಿಗೆ ಸತ್ತ ಮೇಲೆ ಒಂದೆರಡು ಸೆಕೆಂಡು ಉಸಿರು ಹಿಡಿಯಬಹುದು, ಅಷ್ಟೇ. ನಾನು ನಿಚ್ಚಣಿಕೆ ಇಳಿದು ಒಳಗೆ ಬರುವಷ್ಟು ಹೊತ್ತು ಖಂಡಿತ ಇಲ್ಲ. ಆಮೇಲೆ ಪೆಟ್ಟಿಗೆಯ ದಾಖಲೆ ತೆಗೆದು ನೋಡಿದೆ. ಹನ್ನೊಂದು ಹದಿನಾಲ್ಕಕ್ಕೆ ಎಲ್ಲ ಬಂದ್. ಅದಾದ ಮೇಲೆ ಏನೂ ಇಲ್ಲ.

ಕಾಕಾ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದರು, ಕುಡಿಯಲಿಲ್ಲ. ಆ ಪ್ರಶ್ನೆ ತಮಗೂ ಕೇಳಿಸಿತು, ಸ್ಪೀಕರಿನಿಂದಲ್ಲ, ಕಿವಿಯ ಪಕ್ಕದಲ್ಲೇ ಎಂದರು. ಲೈಟ್ ಬಂದ್ ಮಾಡು ಎಂದದ್ದಕ್ಕೆ ಸರಿಯಾಗಿ ಗೋದಾಮು ಕತ್ತಲಾಯಿತು, ನಲವತ್ತು ವರ್ಷದ ರೂಢಿ, ಕೈ ತಾನಾಗಿ ಮುಂದೆ ಹೋಗಿತ್ತು, ತಾಮ್ರದ ಪಟ್ಟಿಗೆ ನಾಲ್ಕು ಬೆರಳು ದೂರ ಇತ್ತು. ಅಷ್ಟರಲ್ಲಿ ಪಕ್ಕದಲ್ಲಿ ಆ ಪ್ರಶ್ನೆ, ದೂರದಿಂದ ನನ್ನ ‘ಹೋಗ್ಯಾದ’. ಆ ಮಾತು ಕೇಳಿದ್ದೇ ಕೈ ಹಿಂದೆ ಬಂತಂತೆ.

"ಇದೇ ಬೋರ್ಡವ್ವಾ," ಎಂದರು. "ಭಾಲ್ಕಿ ಮಿಲ್ಲ ಮುಚ್ಚಿದಾಗ ಸಾವಕಾರ್ರು ಹಳೇ ಸಾಮಾನಿನಾಗ ತಂದಾರ. ಬಸವಣ್ಣೆಪ್ಪ ಇದಕ್ಕೇ ಹತ್ತಿಕೊಂಡಿದ್ದ. ಹೋಗ್ಯಾದ ಅಂದಾವ ನಾನೇ."

ಉಳಿದದ್ದನ್ನು ಅವರು ಅಲ್ಲೇ, ಹಮಾಲರು ಚೀಲ ಹೊತ್ತು ಅತ್ತಿಂದಿತ್ತ ಓಡಾಡುತ್ತಿದ್ದಾಗಲೇ ಹೇಳಿದರು. ಆ ದಿನ ಅವರು ಹ್ಯಾಂಡಲ್ ಬಳಿ ನಿಂತಿದ್ದರು. ಬುತ್ತಿ ತಂದ ಸುವರ್ಣಾಳನ್ನು ಕಾಡಿಸುತ್ತ, ನಿಮ್ಮಪ್ಪನ ರೊಟ್ಟಿ ನಾನು ತಿಂತೀನಿ ಎಂದು ಡಬ್ಬಿ ಎತ್ತಿ ಹಿಡಿದಿದ್ದರು. ಹ್ಯಾಂಡಲ್ ಇಳಿಸಬೇಕೆನ್ನುವಷ್ಟರಲ್ಲಿ ತಲೆಯ ಮೇಲಿನ ಬಲ್ಬು ಆರಿತು. ಒಳಗಿನಿಂದ ಬಸವಣ್ಣೆಪ್ಪ ಕೇಳಿದ. ಬಲ್ಬು ನೋಡಿ ಇವರು ಹೋಗ್ಯಾದ ಎಂದುಬಿಟ್ಟರು. ಹೋದದ್ದು ಮೂರರಲ್ಲಿ ಬಲ್ಬಿಗೆ ಕರೆಂಟು ಕೊಡುವ ಒಂದು ಫೇಸು ಮಾತ್ರ. ಉಳಿದೆರಡು ಬೋರ್ಡಿನಲ್ಲಿದ್ದವು. ಅವನು ಚೀರಿದ್ದು ಕೇಳಿದ ಮೇಲಷ್ಟೇ ಹ್ಯಾಂಡಲ್ ಇಳಿಸಿದರು. ಜನ ಓಡಿ ಬಂದು, ಮೊದಲೇ ಇಳಿಸಿದ್ದಿಯೇನು ಎಂದು ಕೇಳಿದಾಗ ಹೂಂ ಎಂದರು. ಹಾಗಾದರೆ ಎತ್ತಿದವರು ಯಾರು ಎಂದು ಯಾರೋ ಕೇಳಿದರು. ಎಲ್ಲರೂ ಡಬ್ಬಿ ಹಿಡಿದು ನಿಂತಿದ್ದ ಕೂಸಿನ ಕಡೆ ನೋಡಿದರು. ಕಾಕಾ ಬಾಯಿ ಬಿಡಲಿಲ್ಲ. ಆ ದಿನ ಅಂದ ಆ ಹೂಂ ಅವರ ಕೊನೆಯ ಹೂಂ.

ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಸತ್ತವನು ಬಂದು ಕಿವಿಯಲ್ಲಿ ಕೇಳಬೇಕಾಯಿತೇ ಕಾಕಾ, ಬದುಕಿದ್ದ ಕೂಸು ನಿಮಗೆ ಕಾಣಲಿಲ್ಲವೇ ಎಂದೆ. ಎಲ್ಲರ ಮುಂದೆ ಎಂದೆ.

ಬೋರ್ಡು ಮರುದಿನ ರಿಪೇರಿಯಾಯಿತು. ಒಳಗೆ ಒಂದು ಜೋಡಣೆ ಸಡಿಲಾಗಿ ಕೆಂಡದಂತೆ ಕಾಯುತ್ತಿತ್ತು. ಮಿಲ್ಲು ಎರಡು ತಾಸು ಓಡಿದ ಮೇಲೆ ಅಲ್ಲಿಂದೇಳುವ ಬಿಸಿ ಗಾಳಿಗೇ ಹನ್ನೆರಡನೇ ದೀಪ ಹತ್ತುತ್ತಿತ್ತು. ಬಿಗಿ ಮಾಡಿದ ಮೇಲೆ ಮತ್ತೆ ಹತ್ತಲಿಲ್ಲ. ಅದಕ್ಕೆ ಕಾರಣ ಸಿಕ್ಕಿತು. ಸ್ಪೀಕರಿಗೆ ಸಿಗಲಿಲ್ಲ. ಮುಸರ್ರತ ಆಪಾ ಕಂಡವನಿಗೂ ಸಿಗಲಿಲ್ಲ. ಅವಳು ಈಗ ಆ ಕಡೆ ನೋಡಿ, ಅವರು ಹೋದರಲ್ಲ ಪಾಪ ಎನ್ನುತ್ತಾಳೆ.

ಭಾನುವಾರ ಮಧ್ಯಾಹ್ನ ಕಾಕಾ ಮತ್ತು ನಾನು ಬಸ್ಸಿನಲ್ಲಿ ಭಾಲ್ಕಿಗೆ ಹೋದೆವು. ದಾರಿಯುದ್ದಕ್ಕೂ ಅವರು ಒಂದೇ ಮಾತು ಹೇಳಿದರು, ಲಲಿತಾಬಾಯಿ ಕಾಲಿಗೆ ಬೀಳ್ತೇನಿ ಅವ್ವಾ ಎಂದು. ಲಲಿತಾಬಾಯಿ ಎಂದರೆ ಬಸವಣ್ಣೆಪ್ಪನ ಹೆಂಡತಿ, ಸುವರ್ಣಾಳ ತಾಯಿ. ಆಕೆ ತೀರಿಹೋಗಿ ಐದು ತಿಂಗಳಾಗಿತ್ತು. ಅದು ಅವರಿಗೆ ಗೊತ್ತಿಲ್ಲ ಎಂಬುದೇ ನನಗೆ ಹೊಳೆದಿರಲಿಲ್ಲ, ಹೊಳೆದ ಮೇಲೆ ಹೇಳಲು ಬಾಯಿ ಬರಲಿಲ್ಲ. ಮನೆಯ ಹೊಸ್ತಿಲಲ್ಲಿ ನಿಂತಾಗ ಗೋಡೆಯ ಮೇಲೆ ಗಂಡ ಹೆಂಡತಿಯ ಎರಡು ಫೋಟೊ, ಎರಡಕ್ಕೂ ವಿಭೂತಿ. ಕಾಕಾ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಸುವರ್ಣಾ ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದಳು. ಕಾಕಾನನ್ನು ಗುರುತು ಹಿಡಿದು ಎದ್ದಳು, ಬರ್ರಿ ಎಂದಳು. ಕಾಕಾ ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ಕೈ ಮುಗಿದು ನಿಂತು ಎಲ್ಲ ಹೇಳಿದರು. ಬಲ್ಬು, ಡಬ್ಬಿ, ಬಸವಣ್ಣೆಪ್ಪ ಕೇಳಿದ್ದು, ತಾವು ಹೇಳಿದ್ದು, ಜನ ಕೇಳಿದ್ದು, ತಾವು ಹೇಳದ್ದು. ಒಂದನ್ನೂ ಮುಚ್ಚಿಡಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕೇಳಿದರು. ಅವಳು ಅರ್ಧ ಹೊಲಿದ ಕುಬ್ಬಸವನ್ನು ಮಡಿಚುತ್ತ, ಬಿಚ್ಚುತ್ತ ಕೇಳಿದಳು.

"ಹ್ಯಾಂಡಲ್ ನಾ ಎತ್ತಿದ್ದಿಲ್ಲೇನ್ರಿ?" ಎಂದಳು ಕೊನೆಗೆ.

"ಇಲ್ಲ ನಮ್ಮವ್ವಾ. ಆವಾಗಿನ್ನೂ ನಾ ಅದನ್ನ ಇಳಿಸಿದ್ದೇ ಇಲ್ಲ."

"ನನಗ ಅದು ತಣ್ಣಗ ಹತ್ತಿದ್ದು ನೆನಪದಲ್ರಿ."

ಅದು ಬುತ್ತಿ ಡಬ್ಬಿ ಇರಬೇಕು ಎಂದು ಕಾಕಾ ಹೇಳಿದರು, ಡಬ್ಬಿಯನ್ನು ತಾವು ಅವಳ ಕೈಗೆ ವಾಪಸು ಕೊಟ್ಟಿದ್ದರಂತೆ. ಸುವರ್ಣಾ ತನ್ನ ಅಂಗೈ ನೋಡಿಕೊಂಡಳು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

"ಅವ್ವ ಸಾಯೋ ಹೊತ್ತಿಗೆ ನನ್ನ ಕೈ ಹಿಡಕೊಂಡು, ಮಾಫ್ ಮಾಡೀನವ್ವಾ ನಿನಗ, ಮನಸಿನಾಗ ಏನೂ ಇಟ್ಟಿಲ್ಲ ಅಂದ್ಳು," ಎಂದಳು. "ನಾ ಆಕಿ ಕಾಲ ಹಿಡಕೊಂಡು ಅತ್ತೆ."

ಕಾಕಾ ಅಲ್ಲೇ ನೆಲಕ್ಕೆ ಕುಸಿದರು. ತಪ್ಪಾತವ್ವಾ, ನನಗ ತಿಳುವಳಿಕಿ ಇರಲಿಲ್ಲ, ಹೆದರಿದ್ದೆ ಎಂದು ಏನೇನೋ ಬಡಬಡಿಸಿದರು. ಹೊರಗೆ ನಿಂತ ಹೆಂಗಸರಲ್ಲಿ ಒಬ್ಬಳು, ಹೋಗ್ಲಿ ಬಿಡವ್ವಾ, ವಯಸ್ಸಾದವರು ಎಂದಳು. ಸುವರ್ಣಾ ಅವಳ ಕಡೆ ನೋಡಲೂ ಇಲ್ಲ. ಕಾಕಾನ ಮುಖ ಕಾಣುವಂತೆ ಬಾಗಿ ನಿಂತಳು.

"ನಾ ಆವಾಗ ಏಳು ವರ್ಷದಾಕಿ ಇದ್ದೆ. ನಿಮಗೆಷ್ಟು ವಯಸ್ಸಿತ್ರಿ?"

"ನಲವತ್ತೆರಡು," ಎಂದರು ಕಾಕಾ.